ಟೈಲ್ಸ್ ಹಿಂದೆ ಒಂದು ಮನೆ ಇರುತ್ತೆ

ಹಳೆ ಟೈಲ್ ಕೈಗೆ ಸಿಕ್ಕರೆ ನಾನು ಮೊದಲು ನೋಡೋದು ಅದರ ಬೆನ್ನು. ಹೂವು, ನವಿಲು, ಬಣ್ಣ ಎಲ್ಲ ಆಮೇಲೆ. ಹಿಂದೆ ‘ಮೇಡ್ ಇನ್ ಜಪಾನ್’ ಅಂತ ಉಬ್ಬಕ್ಷರ ಇದ್ದರೆ ಆ ದಿನ ಹಬ್ಬ. ಐದು ವರ್ಷದಲ್ಲಿ ಇಂಥವು 23 ಸೇರಿವೆ.

ಇವನ್ನು ಮಜೋಲಿಕಾ ಟೈಲ್ಸ್ ಅಂತಾರೆ. ವಿಕ್ಟೋರಿಯಾ ಕಾಲದ ಇಂಗ್ಲಿಷ್ ಟೈಲ್ಸ್ ನೋಡಿ ಜಪಾನಿನವರು ಕಲಿತ ವಿದ್ಯೆ. ಜೇಡಿಮಣ್ಣಿನ ಪುಡಿಯನ್ನು ಅಚ್ಚಿನಲ್ಲಿಟ್ಟು ಯಂತ್ರದಿಂದ ಒತ್ತುತ್ತಿದ್ದರು. ಉಬ್ಬಿದ ಗೆರೆಗಳೇ ಬದುವಿನ ಹಾಗೆ ನಿಂತು ಒಂದರ ಬಣ್ಣ ಇನ್ನೊಂದಕ್ಕೆ ಹರಿಯದಂತೆ ತಡೆಯುತ್ತಿದ್ದವು. ಮೊದಲ ಮಹಾಯುದ್ಧದಲ್ಲಿ ಯುರೋಪಿನ ಮಾಲು ಬರೋದು ಕಡಿಮೆಯಾದಾಗ ಜಪಾನಿಗೆ ಏಷ್ಯಾದ ಮಾರುಕಟ್ಟೆ ತೆರೆಯಿತು. ಅವಾಜಿ ದ್ವೀಪದ ಡಾಂಟೊ ಅಂಥ ಕಂಪನಿಗಳ ಟೈಲ್ಸ್ ಹಡಗು ಹತ್ತಿ ಭಾರತಕ್ಕೂ ಬಂದವು. ಚೆಟ್ಟಿನಾಡಿನ ದೊಡ್ಡ ಮನೆಗಳ ಗೋಡೆಗಳಲ್ಲಿ ಇವು ಇವತ್ತಿಗೂ ಹೊಳೆಯುತ್ತವೆ. ನಮ್ಮವರಿಗಾಗಿಯೇ ಲಕ್ಷ್ಮಿ, ಸರಸ್ವತಿ, ಕೃಷ್ಣನ ಟೈಲ್ಸ್ ಕೂಡ ಮಾಡಿದರು. ರವಿವರ್ಮನ ಮುದ್ರಿತ ಚಿತ್ರಗಳೇ ಅವಕ್ಕೆ ಮಾದರಿ.

ಅಂಥ ಒಂದು ಲಕ್ಷ್ಮಿಯನ್ನು ಕಾರೈಕುಡಿಯಿಂದ ತಂದಾಗ ಅಮ್ಮ ದೇವರ ಮನೆಯಲ್ಲಿಡ್ತಾಳೆ ಅಂದುಕೊಂಡಿದ್ದೆ. ಅವಳು ಟೈಲ್ ತಿರುಗಿಸಿ, ಅಂಟಿದ್ದ ಗಾರೆ ಮುಟ್ಟಿ ನೋಡಿ ಕೇಳಿದ್ದು ಒಂದೇ ಮಾತು: “ಇದು ಯಾರ ಮನೇದೇ? ಅವರು ಈಗ ಯಾರಿಗೆ ದೀಪ ಹಚ್ತಾರೆ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಂಗಡಿಯವರಿಗೆ ಫೋನ್ ಮಾಡಿ ಕೇಳಿದೆ. ಪಾಲಾದ ಮನೆಯಂತೆ, ಮಕ್ಕಳೆಲ್ಲ ಬೇರೆ ಬೇರೆ ಊರು, ಮನೆ ಕೆಡವಿ ಎರಡು ವರ್ಷ ಆಗಿತ್ತಂತೆ. ಅಷ್ಟನ್ನು ಚೀಟಿಯಲ್ಲಿ ಬರೆದು ಟೈಲ್ ಬೆನ್ನಿಗೆ ಅಂಟಿಸಿದೆ. ಅದಾದ ಮೇಲೆಯೇ ಅಮ್ಮ ಲಕ್ಷ್ಮಿಗೆ ಜಾಗ ಮಾಡಿಕೊಟ್ಟಿದ್ದು. ಈಗ ಪ್ರತಿ ಟೈಲಿಗೂ ಇಂಥ ಚೀಟಿ ಇದೆ.

ತೈವಾನಿನ ಚಿಯಾಯಿ ಊರಲ್ಲಿ 2016ರಲ್ಲಿ ಶುರುವಾದ ಟೈಲ್ಸ್ ಮ್ಯೂಸಿಯಂ ಇದೆ. ಕೆಡವುತ್ತಿದ್ದ ಹಳೆ ಮನೆಗಳಿಂದ ಜಪಾನಿ ಟೈಲ್ಸ್ ಬಿಡಿಸಿ ಉಳಿಸಿದವರ ಶ್ರಮ ಅದು. ಉಳಿಸೋದಕ್ಕೂ ಕೀಳೋದಕ್ಕೂ ನಡುವಿನ ಗೆರೆ ತೆಳ್ಳಗಿದೆ. ನಾವು ಕೊಡುವ ದುಡ್ಡು ನೋಡಿಯೇ ಗಟ್ಟಿಯಾಗಿರುವ ಗೋಡೆಗೂ ಉಳಿ ಬೀಳಬಹುದು.

ನಿಮಗೂ ಈ ಹುಚ್ಚು ಹತ್ತಿದ್ದರೆ ಎರಡು ಮಾತು. ಗಾರೆ ತೆಗೆಯೋಕೆ ಆ್ಯಸಿಡ್ ಹಾಕಬೇಡಿ, ಹೊಳಪು ಹೋಗುತ್ತೆ. ನೀರಲ್ಲಿ ನೆನೆಸಿ ಮೆಲ್ಲಗೆ ಕೆರೆಯಿರಿ. ಹಳೆ ಬಣ್ಣದಲ್ಲಿ ಸೀಸ ಇರಬಹುದು, ಅದರ ಮೇಲೆ ತಿಂಡಿ ಇಡಬೇಡಿ.

ಹೋದ ತಿಂಗಳು ಅದೇ ಅಂಗಡಿಯವರು ಒಂದು ಫೋಟೊ ಕಳಿಸಿದರು. ಪಡಸಾಲೆಯ ಗೋಡೆ ತುಂಬ ಗುಲಾಬಿ ಹೂವಿನ ಟೈಲ್ಸ್, ಒಂದೂ ಒಡೆದಿಲ್ಲ. “ಮನೆ ಚೆನ್ನಾಗೇ ಇದೆ ಮೇಡಂ, ನೀವು ಹ್ಞೂಂ ಅಂದ್ರೆ ಬಿಡಿಸ್ತೀವಿ” ಅಂದರು. ಫೋಟೊವನ್ನು ತುಂಬ ಹೊತ್ತು ನೋಡಿದೆ. ಆಮೇಲೆ ಬೇಡ ಅಂದೆ. ಬೇರೆ ಯಾರಾದರೂ ಹ್ಞೂಂ ಅನ್ನಬಹುದು, ಗೊತ್ತು. ಆದರೆ ಆ ಗೋಡೆಯ ಚೀಟಿಯಲ್ಲಿ ನಾನು ಏನಂತ ಬರೆಯಲಿ?