ಹಳ್ಳ ಬಂದ ವರ್ಷ

ಸೀತನಿ ಸುಡುವ ಬೆಂಕಿಯ ಸುತ್ತ ಕೂತರೆ ಮನೆಯ ಹುಡುಗರು ಹಳ್ಳ ಬಂದ ಕಥೆ ಹೇಳೆನ್ನುತ್ತಾರೆ. ನಾನು ನೀರಿಗಿಂತ ಕಾಕಾನ ಕಥೆಯನ್ನೇ ಹೆಚ್ಚು ಹೇಳುತ್ತೇನೆ.

ಹರೆಯದಲ್ಲೇ ಕಾಕಾನಿಗೆ ಸ್ಕಿಜೋಫ್ರೀನಿಯಾ ಅಂಟಿಕೊಂಡಿತ್ತು. ಯಾರೋ ಕಿವಿಯಲ್ಲಿ ಬೈಯುತ್ತಾರೆ ಎನ್ನುತ್ತಿದ್ದ, ರಾತ್ರಿಯೆಲ್ಲ ಅಂಗಳ ಸುತ್ತುತ್ತಿದ್ದ. ಧಾರವಾಡದ ಮನೋರೋಗ ಆಸ್ಪತ್ರೆಗೆ ಕರೆದೊಯ್ದರು. 1845ರಲ್ಲಿ ಶುರುವಾದ ಆ ಆಸ್ಪತ್ರೆಗೆ ಈಗ ಡಿಮ್ಹಾನ್ಸ್ ಎಂಬ ಹೆಸರು. ಗುಳಿಗೆ ಹಿಡಿದವು, ದನಿಗಳು ತಗ್ಗಿದವು. ಆದರೂ ಕಾಕಾ ಪಡಸಾಲೆ ಬಿಟ್ಟು ಏಳಲಿಲ್ಲ. “ಅವನ ಕೈಯಾಗ ಕುಡಗೋಲು ಕೊಡಬ್ಯಾಡ್ರಿ” ಎಂದು ಓಣಿಯವರು ಹೇಳುತ್ತಿದ್ದರು. ಎಂದಾದರೊಮ್ಮೆ ಚಹಾದಂಗಡಿಯಲ್ಲಿ ಅವನು ಕೂತರೆ ಉಳಿದವರು ಎದ್ದು ಹೋಗುತ್ತಿದ್ದರು. ಮದುವೆಗೆ ಎಲ್ಲರೂ ಹೊರಟಾಗ ಅವನೊಬ್ಬ ಮನೆ ಕಾಯಬೇಕಿತ್ತು. ರೋಗ ಇಳಿದಿತ್ತು, ಮನುಷ್ಯ ಮಾತ್ರ ಕೂತಲ್ಲೇ ಉಳಿದಿದ್ದ.

ಅವನನ್ನು ಎಬ್ಬಿಸಿದವಳು ನಮ್ಮ ಆಯಿ. ಒಂದು ವರ್ಷ ಹೆಸರು ಬಿಡಿಸಲು ಆಳು ಸಿಗಲಿಲ್ಲ. ಕೂಲಿಗೆ ಹೊರಟ ಹೆಣ್ಣುಮಕ್ಕಳನ್ನು ನಿಲ್ಲಿಸಿ, “ಯವ್ವಾ, ಇವನ್ನೂ ಸಾಲಿಗೆ ಹಚ್ಚಕೊಳ್ರೆ” ಎಂದಳು. ಅವರು ಅವನನ್ನು ನಡುಸಾಲಿಗೆ ಬಿಟ್ಟುಕೊಂಡರು. ಅವನು ಹಿಂದೆ ಬಿದ್ದರೆ “ಅಣ್ಣಾ, ಇತ್ಲಾಗ ಬಾ” ಎಂದು ಕರೆದು, ಅವನ ಸಾಲಿನ ನಾಕು ಗಿಡ ತಾವೇ ಬಿಡಿಸುತ್ತಿದ್ದರು. ಸಂಜೆ ಕೂಲಿಯನ್ನು ಅವನ ಕೈಗೇ ಕೊಟ್ಟರು. ಆಮೇಲೆ ಕಡಲೆ ಕೀಳಲು, ಹತ್ತಿ ಬಿಡಿಸಲು ಅವರೇ ಬಂದು ಕರೆಯತೊಡಗಿದರು.

2019ರ ಆಗಸ್ಟಿನಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳ ಎರಡೂ ಉಕ್ಕಿದವು. ನವಲಗುಂದದ ರಸ್ತೆ ಮುಳುಗಿ ಬಸ್ಸು ನಿಂತಿತು. ತಗ್ಗಿನ ಓಣಿಯವರೆಲ್ಲ ಶಾಲೆ ಸೇರಿದೆವು. ಕಾಕಾನ ಗುಳಿಗೆ ಮುಗಿದವು. ಮಕ್ಕಳ ಅಳು, ಜನರ ಗದ್ದಲದಲ್ಲಿ ಅವನ ನಿದ್ದೆ ಹೋಯಿತು. ದನಿಗಳು ಮತ್ತೆ ಬಂದವು, ಗೋಡೆಗೆ ಮುಖ ಮಾಡಿ ಮಾತಾಡತೊಡಗಿದ. “ಇವನ್ನ ಬ್ಯಾರೆ ಕಡೆ ಕಳಸ್ರಿ, ಹುಡುಗರು ಅಂಜತಾವ” ಎಂದ ಒಬ್ಬ ಹಿರಿಯ. ಹೆಸರು ಬಿಡಿಸುವ ಗುಂಪಿನ ಒಬ್ಬಾಕಿ ಎದ್ದು ನಿಂತಳು. “ಎಲ್ಲಿಗೆ ಕಳಸ್ತೀರಿ? ನಮ್ಮ ಸಾಲಿನ ಮನಿಷ್ಯಾ ಅದಾನ, ನಮ್ಮ ಬಾಜೂಕ ಇರ್ಲಿ.” ಅವರೇ ಮೂಲೆಯ ಕೋಣೆ ತೆರವು ಮಾಡಿ ಅವನನ್ನು ಮಲಗಿಸಿದರು. ಆಶಾ ಕಾರ್ಯಕರ್ತೆ ಹಳೆಯ ಚೀಟಿ ಹಿಡಿದು, ನೀರಿಳಿದ ಕೂಡಲೇ ಗುಳಿಗೆ ತರಿಸಿದಳು. ಕೆಲವು ದಿನಕ್ಕೆ ಕಾಕಾ ಅಡುಗೆಯವರಿಗೆ ನೀರು ಹೊತ್ತು ಹಾಕುವಷ್ಟಾದ.

ಆಮೇಲೆ ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಹೋದೆವು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಮಾನಸಿಕ ಕಾಯಿಲೆಯನ್ನೂ ಅಂಗವಿಕಲತೆಯ ಪಟ್ಟಿಯಲ್ಲಿ ಸೇರಿಸಿದೆ. ಸೌಲಭ್ಯಗಳಿಗೆ ಅಂಗವಿಕಲತೆ ಕನಿಷ್ಠ ಶೇ 40 ಇರಬೇಕು. ತನ್ನ ಆರೈಕೆ, ಜನರ ಒಡನಾಟ, ಮಾತು ಮತ್ತು ತಿಳಿವಳಿಕೆ, ಕೆಲಸ ಎಂಬ ನಾಲ್ಕು ವಿಷಯಗಳಲ್ಲಿ ಅಳೆಯುತ್ತಾರೆ. “ಕೆಲಸ ಮಾಡ್ತಾನೇನವ್ವಾ?” ಎಂದು ಡಾಕ್ಟರು ಕೇಳಿದರು. “ಕರದ್ರ ಮಾಡ್ತಾನ್ರೀ, ಕರೀಲಿಲ್ಲಂದ್ರ ಕುಂದರತಾನ” ಎಂದಳು ಆಯಿ.

ಅಂಗವಿಕಲತೆಯ ಕುರಿತು ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಒಪ್ಪಿದ ವರ್ಗೀಕರಣವೂ ಆಯಿಯ ಈ ಮಾತನ್ನೇ ಹೇಳುತ್ತದೆ: ಅಂಗವಿಕಲತೆ ರೋಗಿಯ ಒಳಗಷ್ಟೇ ಇಲ್ಲ, ಸುತ್ತಲಿನ ಮನೆ, ಜನ, ರಸ್ತೆ, ಔಷಧಿ, ಕಾನೂನು ಎಲ್ಲವೂ ಅದನ್ನು ಹಿಗ್ಗಿಸುತ್ತವೆ, ಕುಗ್ಗಿಸುತ್ತವೆ. ತೀರ್ಥಹಳ್ಳಿ ತಾಲೂಕಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ನಡೆಸಿದ ಅಧ್ಯಯನದಲ್ಲಿ, ಊರಲ್ಲೇ ಇದ್ದು ಬಿಡದೆ ಔಷಧಿ ತೆಗೆದುಕೊಂಡ ಸ್ಕಿಜೋಫ್ರೀನಿಯಾ ರೋಗಿಗಳ ಅಸಾಮರ್ಥ್ಯ ತಗ್ಗಿದ್ದು ಕಂಡಿತು.

ಅದಕ್ಕೇ ಹುಡುಗರಿಗೆ ಹೇಳುತ್ತೇನೆ: ನಿಮ್ಮ ಓಣಿಯಲ್ಲಿ ಅಂಥವರಿದ್ದರೆ ಹೊಲಕ್ಕೆ ಹೋಗುವಾಗ ಕರೆಯಿರಿ, ಕೂಲಿಯನ್ನು ಅವರ ಕೈಗೇ ಕೊಡಿ, ಮದುವೆಗೆ ಜೊತೆಯಲ್ಲೇ ಕರೆದೊಯ್ಯಿರಿ. ತಾಲೂಕು ಆಸ್ಪತ್ರೆಗೆ ಮನೋರೋಗ ತಜ್ಞರು ಬರುವ ಮಂಗಳವಾರವನ್ನು ಮರೆಯಬೇಡಿ. ಮಳೆಗಾಲ ಹಿಡಿಯುವ ಮುಂಚೆ, ಹಳ್ಳ ಬಂದರೂ ಸಾಲುವಷ್ಟು ಗುಳಿಗೆ ಮನೆಯಲ್ಲಿವೆಯೇ ಎಂದು ನೋಡಿಕೊಳ್ಳಿ.