ಎಂಟು ಕೊಂಡಿಗಳು

ಅಮೆರಿಕದ ವಾಯವ್ಯ ಮೂಲೆಯಲ್ಲಿ ಕಡಲು ನೆಲದೊಳಕ್ಕೆ ಚಾಚಿರುವ ನೀಳವಾದ ತೋಳೇ ಪ್ಯೂಜೆಟ್ ಸೌಂಡ್. 1792ರಲ್ಲಿ ಇಲ್ಲಿಗೆ ಬಂದ ಆಂಗ್ಲ ನಾವಿಕ ಜಾರ್ಜ್ ವ್ಯಾಂಕೂವರ್ ತನ್ನ ಅಧಿಕಾರಿ ಪೀಟರ್ ಪ್ಯೂಜೆಟನ ಹೆಸರನ್ನು ಅದಕ್ಕಿಟ್ಟನು. ದಡದಲ್ಲಿ ದಟ್ಟವಾದ ಹಸುರು, ಅದರಾಚೆ ಹಿಮದ ಶಿಖರಗಳು. ನೋಡಲು ರಮಣೀಯವಾದ ಆ ನೀರು ಬೇಸಗೆಯಲ್ಲಿಯೂ ಸಾಮಾನ್ಯವಾಗಿ 10ರಿಂದ 13 ಡಿಗ್ರಿ ಸೆಲ್ಸಿಯಸ್ಸಿನಷ್ಟು ತಣ್ಣಗಿರುತ್ತದೆ. ಅದರಲ್ಲಿ ಬಿದ್ದವನ ಬೆರಳುಗಳು ಬಹುಬೇಗ ಮರಗಟ್ಟಿ ಹೋಗುತ್ತವೆ.

2023ರ ರಜೆಯಲ್ಲಿ ಸಿಯಾಟಲ್ಲಿನ ತಮ್ಮನ ಮನೆಗೆ ಹೋದಾಗ, ಅವನ ಗ್ಯಾರೇಜಿನಲ್ಲಿ ಕಾರಿಗೆ ಬದಲಾಗಿ ಕಯಾಕ್ ಎಂಬ ಕಿರುದೋಣಿಯೊಂದು ಮಲಗಿತ್ತು. ತೆಳುವಾದ ಪ್ಲೈವುಡ್ ಹಲಗೆಗಳ ಅಂಚಿಗೆ ರಂಧ್ರ ಕೊರೆದು, ತಾಮ್ರದ ತಂತಿಯಿಂದ ಹೊಲಿದು, ಎಪಾಕ್ಸಿ ಅಂಟು ಹಾಕಿ ಅವನೇ ಕಟ್ಟಿದ್ದನು. ಶರಾವತಿಯ ದಂಡೆಯಲ್ಲಿ ಬೆಳೆದ ನನಗೆ ಸಂತೋಷವೆನಿಸಿತು. ನಮ್ಮ ಕರಾವಳಿಯಲ್ಲಿಯೂ ಹಿಂದೆ ತೆಂಗಿನ ನಾರಿನ ಹುರಿಯಿಂದ ದೋಣಿಗಳನ್ನು ಹೊಲಿಯುತ್ತಿದ್ದರಷ್ಟೆ!

ಆದರೆ ದೋಣಿಯ ಮೇಲ್ಮುಚ್ಚಿನ ಸುತ್ತ ಹಗ್ಗವನ್ನು ಹಿಡಿದಿಡಬೇಕಾದ ಎಂಟು ಕೊಂಡಿಗಳಲ್ಲಿ ಒಂದು ಇರಲಿಲ್ಲ. ಅಲ್ಲೊಂದು ಕಪ್ಪು ಗುಳಿಯಿತ್ತು.

“ಹೋದ ವರ್ಷ ಮಗುಚಿಬಿದ್ದೆ, ಅಣ್ಣ. ಹಗ್ಗ ಹಿಡಿದೆ, ತಿರುಪುಮೊಳೆಯ ಸಮೇತ ಕೊಂಡಿ ಕಿತ್ತುಬಂತು. ಜೊತೆಯವರು ಎಳೆದುಕೊಂಡರು. ಆಯಿಗೆ ಮಾತ್ರ ಹೇಳಬೇಡ,” ಎಂದನು.

ನಾನು ಮಾತನಾಡಲಿಲ್ಲ. ಮರುದಿನ ಇಬ್ಬರೂ ಕೆಲಸಕ್ಕೆ ಕುಳಿತೆವು. ಉಳಿದ ಏಳನ್ನೂ ಬಿಚ್ಚಿದಾಗ ಇನ್ನೆರಡು ಕಡೆ ಮರ ಮೆತ್ತಗಾಗಿತ್ತು. ಮೊದಲು ಕಟ್ಟುವಾಗ ತಮ್ಮನು ಬರಿಯ ಮರಕ್ಕೆ ತಿರುಪು ಬಿಗಿದಿದ್ದನು. ಆ ರಂಧ್ರದಿಂದಲೇ ನೀರು ಪ್ಲೈವುಡ್ಡಿನ ಪದರಗಳೊಳಗೆ ಇಳಿದಿತ್ತು. ಕೊಳೆತ ಭಾಗವನ್ನು ಕೆತ್ತಿ ತೆಗೆದು, ಹಲವು ದಿನ ಒಣಗಿಸಿದೆವು. ರಂಧ್ರಗಳನ್ನು ದೊಡ್ಡದಾಗಿ ಕೊರೆದು, ಮರದ ಹಿಟ್ಟು ಬೆರೆಸಿದ ಎಪಾಕ್ಸಿ ತುಂಬಿದೆವು. ಅದು ಕಲ್ಲಾದ ಮೇಲೆ ಅದರ ನಡುವೆಯೇ ಸಣ್ಣ ರಂಧ್ರ ಕೊರೆದೆವು. ಈಗ ನೀರಿಗೆ ಮರ ಸಿಕ್ಕುವುದಿಲ್ಲ. ತಿರುಪಿಗೆ ಬದಲು ಆರುಪಾರಾಗಿ ಬೋಲ್ಟು. ಎಳೆತದ ಭಾರ ಹಂಚಿಹೋಗಲೆಂದು ಒಳಗಡೆ ಅಗಲವಾದ ವಾಷರ್. ನೈಲಾನ್ ಹಗ್ಗ ನೆನೆದರೆ ಹಿಗ್ಗುತ್ತದೆಂದು ಪಾಲಿಯೆಸ್ಟರ್ ಹಗ್ಗವನ್ನು ಆರಿಸಿದೆವು.

ದೋಣಿಯನ್ನು ಕಾರಿನ ಮೇಲೆ ಕಟ್ಟಿಕೊಂಡು ಪೋರ್ಟ್ ಟೌನ್ಸೆಂಡಿಗೆ ಹೊರಟೆವು. ಮರದ ದೋಣಿಗಳ ಜಾತ್ರೆಯೊಂದು 1977ರಲ್ಲಿ ಆರಂಭವಾದ ಊರದು. ದಾರಿಯಲ್ಲಿ ಹುಡ್ ಕೆನಾಲಿನ ಮೇಲೆ ತೇಲುವ ಸೇತುವೆ ಸಿಗುತ್ತದೆ. 1979ರ ಬಿರುಗಾಳಿಯಲ್ಲಿ ಅದರ ಪಶ್ಚಿಮಾರ್ಧ ಮುಳುಗಿತ್ತು; 1982ರಲ್ಲಿ ಮತ್ತೆ ತೆರೆದರು. ಕಾಂಕ್ರೀಟಿನ ಸೇತುವೆಗೇ ಆ ಗತಿಯಾದ ಮೇಲೆ ಪ್ಲೈವುಡ್ಡಿನ ಪಾಡೇನು ಎಂದು ಮನಸ್ಸಿನಲ್ಲಿಯೇ ಅಂದುಕೊಂಡೆ.

ದಡದಲ್ಲಿ ಎಂಟು ಕೊಂಡಿಗಳನ್ನೂ ಒಂದೊಂದಾಗಿ ನನ್ನ ಬಲವೆಲ್ಲ ಹಾಕಿ ಜಗ್ಗಿದೆ. ಒಂದೂ ಅಲುಗಲಿಲ್ಲ. ತಮ್ಮನು ತೇಲುಕವಚ ತೊಟ್ಟು, ದಡದ ಪಕ್ಕದಲ್ಲಿಯೇ ಬೇಕೆಂದು ಮಗುಚಿದನು. ಹಗ್ಗ ಹಿಡಿದು ನಡುಗುತ್ತಾ ಮೇಲೆದ್ದು ನಕ್ಕನು. ಆಗ ನನಗೆ ಉಸಿರು ಬಂತು.

ಆ ರಾತ್ರಿ ಆಯಿಗೆ ದೂರವಾಣಿ ಮಾಡಿದೆವು. ಮದುವೆಯಾದ ವರ್ಷ ಮಳೆಗಾಲದ ಶರಾವತಿಯನ್ನು ದೋಣಿಯಲ್ಲಿ ದಾಟಿದವಳು ಆಕೆ. ಮಗನ ದೋಣಿಯ ವರ್ಣನೆಯನ್ನೆಲ್ಲ ಕೇಳಿ, ಒಂದೇ ಪ್ರಶ್ನೆ ಹಾಕಿದಳು:

“ಹಿಡಿದುಕೊಳ್ಳುವುದಕ್ಕೆ ಗಟ್ಟಿಯಾದದ್ದು ಏನಾದರೂ ಇದೆಯೇನೋ ಅದರಲ್ಲಿ?”

“ಇದೆ ಆಯಿ,” ಎಂದೆ. ಈ ಬಾರಿ ಸುಳ್ಳಾಗಿರಲಿಲ್ಲ.