ಇಬ್ಬರು ಸೇರಿದ್ರೆ ಒಂದು ಕೊಯ್ತಾ

ಕೃಷ್ಣಾ ನದಿ ನೋಡ್ಬೇಕು ಅಂದ್ರೆ ಮಳೆಗಾಲದಲ್ಲಿ ಹೋಗು ಅಂತಾರೆ ಎಲ್ಲರೂ. ನಾನು ಹೋಗಿದ್ದು ಈ ಜನವರಿಯಲ್ಲಿ, ಸಂಕ್ರಾಂತಿಗೆ ಇನ್ನೆರಡು ದಿನ ಇರುವಾಗ. ಬೆಂಗಳೂರಿನಿಂದ ರಾತ್ರಿ ಹೊರಡುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಬೆಳಗಾವಿ ದಾಟಿ, ಘಟಪ್ರಭಾ, ರಾಯಬಾಗ ಆಗಿ ಕುಡಚಿ ಮುಟ್ಟುವಷ್ಟರಲ್ಲಿ ಬಿಸಿಲು ಚೆನ್ನಾಗಿ ಏರಿರುತ್ತದೆ. ಕಿಟಕಿಯ ಎರಡೂ ಬದಿಗೆ ಕಬ್ಬು. ಕಣ್ಣು ಹಾಯಿಸಿದಷ್ಟು ದೂರ ಕಬ್ಬು. ಗಾಳಿಯಲ್ಲಿ ಕಾಕಂಬಿಯ ಆ ಸಿಹಿ-ಹುಳಿ ವಾಸನೆ.

ಆಫೀಸಿನ ಗೆಳತಿಯ ಊರು ಅದು. ಅವಳ ಕಾಕಾ ಸ್ಟೇಷನ್ನಿಗೆ ಬಂದಿದ್ದರು. "ಬಾರವಾ, ಪ್ರಯಾಣ ಆರಾಮಾತಿಲ್ಲೊ?" ಅನ್ನುತ್ತಲೇ ಬ್ಯಾಗು ಕಿತ್ತುಕೊಂಡು ಜೀಪಿಗೆ ಹಾಕಿದರು.

ಸೀಸನ್ನಿನಲ್ಲಿ ಇಲ್ಲಿನ ರಸ್ತೆ ಟ್ರ್ಯಾಕ್ಟರಿನದು. ಎರಡೆರಡು ಟ್ರೇಲರ್ ಎಳೆದುಕೊಂಡು, ಲಾರಿಗಿಂತ ಎತ್ತರಕ್ಕೆ ಕಬ್ಬು ಹೇರಿಕೊಂಡು, ಜೋರಾಗಿ ಹಾಡು ಹಾಕಿಕೊಂಡು ಸಾಲಾಗಿ ಹೋಗುತ್ತವೆ. ಓವರ್‌ಟೇಕ್ ಮಾಡುವ ಆಸೆ ಬಿಟ್ಟರೆ ನೆಮ್ಮದಿ. ದೇಶದಲ್ಲಿ ಸಕ್ಕರೆ ಮಾಡೋದ್ರಲ್ಲಿ ಉತ್ತರ ಪ್ರದೇಶ, ಮಹಾರಾಷ್ಟ್ರ ಬಿಟ್ಟರೆ ಮುಂದಿನ ಹೆಸರು ನಮ್ಮ ರಾಜ್ಯದ್ದು. ಆ ಸಕ್ಕರೆಯ ದೊಡ್ಡ ಪಾಲು ಬೆಳಗಾವಿ, ಬಾಗಲಕೋಟೆ ಕಡೆಯ ಈ ಹೊಲಗಳಿಂದಲೇ ಬರುತ್ತದೆ.

2025ರ ನವೆಂಬರ್‌ನಲ್ಲಿ ಇದೇ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೊಡಿ ಅಂತ ದಿನಗಟ್ಟಲೆ ಕೂತಿದ್ದು ನಿಮಗೂ ನೆನಪಿರಬಹುದು. ಕೊನೆಗೆ ಸರ್ಕಾರ 3,300ಕ್ಕೆ ಮಾತು ಮುಗಿಸಿತು. ನಾವೆಲ್ಲ ಫೋನಿನಲ್ಲಿ ಆ ಸುದ್ದಿ ಓದಿದೆವು. ಆದರೆ ಆ ಟನ್ ಕಬ್ಬನ್ನು ಬುಡದಿಂದ ಕಡಿದು, ತಲೆ ಮೇಲೆ ಹೊತ್ತು, ಟ್ರೇಲರಿಗೆ ಏರಿಸುವವರಿಗೆ ಎಷ್ಟು ಸಿಗುತ್ತದೆ? ಈ ಪ್ರಶ್ನೆ ನನ್ನ ತಲೆಗೆ ಬಂದಿದ್ದು ಕಾಕಾನ ಹೊಲದ ಬದುವಿನ ಮೇಲೆ ನಿಂತಾಗ.

ಹೊಲದ ಅಂಚಿನ ಊರು

ಊರಿನ ಹೊರಗೆ, ಕಾಲುವೆ ಪಕ್ಕದ ಖಾಲಿ ಜಾಗದಲ್ಲಿ ಇಪ್ಪತ್ತು-ಇಪ್ಪತ್ತೈದು ಗುಡಿಸಲು. ಕಬ್ಬಿನ ರವದಿ ಹೊದಿಸಿ, ಮೇಲೆ ತಾಡಪತ್ರಿ ಎಳೆದು ಕಟ್ಟಿದ್ದು. ಒಳಗೆ ಹೋಗಬೇಕಾದ್ರೆ ಬಗ್ಗಲೇಬೇಕು. ಲೈಟಿಲ್ಲ, ಕಕ್ಕಸು ಇಲ್ಲ. ನೀರು ಬೇಕಾದ್ರೆ ಯಾರದೋ ಹೊಲದ ಬೋರ್‌ವೆಲ್ಲಿಗೆ ಕೊಡ ಹಿಡಿದು ಹೋಗಬೇಕು, ಅದೂ ಕರೆಂಟ್ ಇದ್ದಾಗ.

ಇವರು ಬಂದಿರುವುದು ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ. ಮರಾಠವಾಡಾದ ಬರದ ಸೀಮೆ ಅದು. ದೀಪಾವಳಿ ಮುಗಿದ ಮೇಲೆ ಅಲ್ಲಿನ ಹಳ್ಳಿಗಳಲ್ಲಿ ಬರೀ ಮುದುಕರು ಉಳಿಯುತ್ತಾರೆ. ಮಿಕ್ಕವರು ಪಾತ್ರೆ-ಪಗಡ, ಮಕ್ಕಳು-ಮರಿ, ಕೆಲವರು ಎತ್ತುಗಳನ್ನೂ ಕಟ್ಟಿಕೊಂಡು ಸಕ್ಕರೆ ಸೀಮೆಗೆ ಹೊರಡುತ್ತಾರೆ. ಕೊಲ್ಲಾಪುರ, ಸಾಂಗಲಿ, ಸಾತಾರಾ, ಗಡಿ ದಾಟಿದರೆ ನಮ್ಮ ಬೆಳಗಾವಿ, ಬಾಗಲಕೋಟೆ. ತಿರುಗಿ ಹೋಗೋದು ಯುಗಾದಿ ಹೊತ್ತಿಗೆ.

ಇದು ಬರೀ 'ಆ ಕಡೆಯವರ' ಕಥೆ ಅಂದುಕೊಳ್ಳಬೇಡಿ. ನಮ್ಮ ವಿಜಯಪುರದ ತಾಂಡಾಗಳಿಂದಲೂ ಲಂಬಾಣಿ ಕುಟುಂಬಗಳು ಹೀಗೇ ಗಂಟು ಕಟ್ಟಿಕೊಂಡು ಮಹಾರಾಷ್ಟ್ರದ ಕಬ್ಬಿನ ಹೊಲಗಳಿಗೆ ಹೋಗುತ್ತವೆ. ಅಲ್ಲಿನವರು ಇಲ್ಲಿ, ಇಲ್ಲಿನವರು ಅಲ್ಲಿ. ಎರಡೂ ಕಡೆ ಹೊರಗಿನವರು.

ಲೆಕ್ಕದ ಘಟಕ

ಕಬ್ಬು ಕಡಿಯುವ ಕತ್ತಿಗೆ ಮರಾಠಿಯಲ್ಲಿ 'ಕೊಯ್ತಾ' ಅಂತಾರೆ. ಗಡಿನಾಡಿನ ಕನ್ನಡದಲ್ಲೂ ಅದೇ. ಆದರೆ ಈ ವ್ಯವಹಾರದಲ್ಲಿ ಕೊಯ್ತಾ ಅಂದ್ರೆ ಬರೀ ಕತ್ತಿಯಲ್ಲ, ಗಂಡ-ಹೆಂಡತಿ ಜೋಡಿ. "ಈ ಸಲ ಗ್ಯಾಂಗಿನ್ಯಾಗ ಹತ್ತ ಕೊಯ್ತಾ ಅದಾವ" ಅಂತ ಕಾಕಾ ಅಂದಾಗ ನಾನು ಹತ್ತು ಜನ ಅಂದುಕೊಂಡೆ. "ಇಲ್ಲವಾ, ಹತ್ತ ಜೋಡಿ. ಇಪ್ಪತ್ತ ಮಂದಿ," ಅಂದರು.

ಹಣ ಹರಿಯುವ ದಾರಿ ಹೀಗಿದೆ. ಕಾರ್ಖಾನೆಯವರು ಟ್ರ್ಯಾಕ್ಟರ್ ಮಾಲೀಕನ ಜೊತೆ ಕರಾರು ಮಾಡಿಕೊಂಡು ಮುಂಗಡ ಕೊಡ್ತಾರೆ. ಮಾಲೀಕ ಅದನ್ನ ಮುಕಾದಮನಿಗೆ ಕೊಡ್ತಾನೆ. ಮುಕಾದಮ ಅಂದ್ರೆ ಗ್ಯಾಂಗಿನ ಮೇಸ್ತ್ರಿ. ಮಳೆಗಾಲದಲ್ಲಿ ಮನೆಯಲ್ಲಿ ಕಾಳಿಲ್ಲದಾಗ, ಮಗಳ ಮದುವೆಯೋ ಆಸ್ಪತ್ರೆ ಖರ್ಚೋ ಎದುರಾದಾಗ, ಅವನು ಜೋಡಿಗೆ 'ಉಚಲ್' ಕೊಡ್ತಾನೆ. ಉಚಲ್ ಅಂದ್ರೆ ಮುಂಗಡ. ಈಗ ಜೋಡಿಗೆ ಒಂದು ಲಕ್ಷದ ಆಚೀಚೆ ನಡೆಯುತ್ತಿದೆಯಂತೆ. ಆಮೇಲೆ ಸೀಸನ್ ಪೂರ್ತಿ ಕಡಿದು ಅದನ್ನ ತೀರಿಸಬೇಕು.

ನಾವೇ ಒಂದು ಲೆಕ್ಕ ಹಾಕಿ ನೋಡೋಣ. ಮಹಾರಾಷ್ಟ್ರದಲ್ಲಿ 2024ರ ಜನವರಿಯಲ್ಲಿ ಕಾರ್ಖಾನೆಗಳ ಒಕ್ಕೂಟ ಮತ್ತು ಕಾರ್ಮಿಕ ಸಂಘಟನೆಗಳ ನಡುವೆ ಒಪ್ಪಂದವಾಗಿ, ಶೇ 34 ಏರಿಕೆಯೊಂದಿಗೆ ಕಟಾವಿನ ದರ ಟನ್ನಿಗೆ 366 ರೂಪಾಯಿ ಆಯಿತು. ಗಡಿ ಈಚೆ ದರ ಸ್ವಲ್ಪ ಹೆಚ್ಚು ಕಡಿಮೆ ಇರಬಹುದು, ಲೆಕ್ಕಕ್ಕೆ ಇದನ್ನೇ ಹಿಡಿಯೋಣ. ಗಟ್ಟಿ ಜೋಡಿ ದಿನಕ್ಕೆ ಎರಡು ಟನ್ ಕಡಿದರೆ 732 ರೂಪಾಯಿ. ಒಬ್ಬರಿಗೆ 366. 2025-26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370. ಕತ್ತಲಲ್ಲಿ ಎದ್ದು ಕತ್ತಲಾಗುವ ತನಕ ದುಡಿದರೂ ಅಷ್ಟು ಮುಟ್ಟುವುದಿಲ್ಲ.

ಒಂದು ಲಕ್ಷ ತೀರಿಸೋಕೆ 273 ಟನ್ ಕಡಿಯಬೇಕು. ದಿನಕ್ಕೆ ಎರಡರಂತೆ ಅಂದ್ರೆ ಸುಮಾರು 137 ದಿನ. ನಾಲ್ಕೂವರೆ ತಿಂಗಳು. ಸೀಸನ್ ಇರೋದೇ ನಾಲ್ಕೈದು ತಿಂಗಳು. ಅಂದರೆ ಒಂದು ದಿನವೂ ರಜೆ ಹಾಕದೆ ಕಡಿದರೆ ಸಾಲ ಮುಗಿಯುತ್ತದೆ. ಕಡಿಮೆ ಬಿದ್ದಿದ್ದು ಮುಂದಿನ ವರ್ಷದ ಲೆಕ್ಕಕ್ಕೆ ಹೋಗುತ್ತದೆ. ಹಾಗಾಗಿ ಮುಂದಿನ ವರ್ಷವೂ ಬರಲೇಬೇಕು.

ರಜೆ ಹಾಕಿದರೆ? ಅದಕ್ಕೂ ಒಂದು ಪದ ಇದೆ: 'ಖಾಡಾ'. ಜ್ವರವೋ, ಹೊಟ್ಟೆನೋವೋ, ಮಗುವಿಗೆ ಹುಷಾರಿಲ್ಲವೋ, ಜೋಡಿಯಲ್ಲಿ ಒಬ್ಬರು ತಪ್ಪಿಸಿದರೂ ಖಾಡಾ ಬೀಳುತ್ತದೆ. ದಿನಕ್ಕೆ ಐನೂರು ರೂಪಾಯಿವರೆಗೂ, ಕೆಲವು ಕಡೆ ಇನ್ನೂ ಹೆಚ್ಚು ದಂಡ. ಕೂಲಿಯೂ ಹೋಯಿತು, ಮೇಲೆ ದಂಡವೂ ಬಿತ್ತು.

ಕಾಕಾನ ಮಾತನ್ನೂ ಹೇಳಬೇಕು. "ನಮ್ಮ ಕಡಿ ಟ್ರ್ಯಾಕ್ಟರ್ ಮಾಲಕರೂ ಮುಳಗ್ಯಾರವಾ. ಹತ್ತಿಪ್ಪತ್ತ ಲಕ್ಷ ಅಡ್ವಾನ್ಸ್ ತಗೊಂಡ ಮುಕಾದಮ ಫೋನ್ ಬಂದ್ ಮಾಡಿ ಕುಂತ್ರ ಯಾರ್ನ ಕೇಳೂದು? ಕಬ್ಬು ಹೊಲದಾಗ ಒಣಗತೈತಿ." ಸುಳ್ಳಲ್ಲ. ಕಟಾವಿನ ಪಾಳಿ ಬರದೆ ರೈತನೂ ಒದ್ದಾಡುತ್ತಾನೆ, ಗ್ಯಾಂಗಿನವರಿಗೆ ಮೇಲಿನ ದುಡ್ಡು ಕೊಟ್ಟು ಕಡಿಸುತ್ತಾನೆ. ಈ ಸರಪಳಿಯಲ್ಲಿ ಎಲ್ಲರಿಗೂ ಒಬ್ಬರ ಮೇಲೊಬ್ಬರಿಗೆ ಅಪನಂಬಿಕೆ. ಆದರೆ ಎಲ್ಲರೂ ಕೈ ತೊಳೆದುಕೊಂಡ ಮೇಲೆ ಬಾಕಿ ಬೀಳೋದು ಜೋಡಿಯ ತಲೆ ಮೇಲೆ. ಕಾರ್ಖಾನೆಯನ್ನ ಕೇಳಿದರೆ 'ಅವರು ನಮ್ಮ ಕೆಲಸಗಾರರಲ್ಲ' ಅನ್ನೋಕೆ ದಾರಿ ಇದೆ. ಕರಾರು ಇರೋದು ಟ್ರ್ಯಾಕ್ಟರ್ ಮಾಲೀಕನ ಜೊತೆ.

ಅವಳ ದಿನ

ಮಧ್ಯಾಹ್ನ ಗ್ಯಾಂಗು ಊಟಕ್ಕೆ ಕೂತಾಗ ಒಬ್ಬಾಕೆ ನನ್ನ ಜೊತೆ ಮಾತಿಗೆ ಸಿಕ್ಕಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಸೀರೆ ಮೇಲೆ ಗಂಡನ ಹಳೇ ಫುಲ್‌ತೋಳಿನ ಶರ್ಟು, ಕಬ್ಬಿನ ಎಲೆ ಕೊಯ್ಯಬಾರದು ಅಂತ. ನನ್ನ ಹರುಕು ಹಿಂದಿ, ಅವಳ ಮರಾಠಿ, ನಡುವೆ ಕಾಕಾನ ಮನೆಯ ಮಾವಶಿ ದುಭಾಷಿ.

ಏಳೋದು ಎಷ್ಟೊತ್ತಿಗೆ ಅಂದೆ. "ಮೂರು, ಮೂರೂವರೆ, ತಾಈ." ಮರಾಠಿಯಲ್ಲಿ ತಾಈ ಅಂದ್ರೆ ಅಕ್ಕ. ಎದ್ದು ನೀರು ತರಬೇಕು, ಇಡೀ ದಿನಕ್ಕಾಗುವಷ್ಟು ಭಾಕರಿ ಬಡಿಯಬೇಕು, ಮಕ್ಕಳನ್ನ ಎಬ್ಬಿಸಬೇಕು. ಬೆಳಕು ಹರಿಯೋಕೆ ಮೊದಲೇ ಹೊಲ. ಗಂಡ ಕಡಿಯುತ್ತಾ ಹೋಗುತ್ತಾನೆ, ಅವಳು ರವದಿ ಸುಲಿದು, ಸುಳಿ ಕಡಿದು, ಹೊರೆ ಕಟ್ಟುತ್ತಾಳೆ. ಸಂಜೆ ಟ್ರೇಲರ್ ಬಂದಾಗ ಅದೇ ಹೊರೆಯನ್ನ ತಲೆ ಮೇಲಿಟ್ಟುಕೊಂಡು, ಇಳಿಜಾರಾಗಿ ಒರಗಿಸಿದ ಹಲಗೆ ಮೇಲೆ ನಡೆದು ಮೇಲೇರಿಸುತ್ತಾಳೆ. ಒಂದೊಂದು ಹೊರೆ ಮೂವತ್ತು-ನಲವತ್ತು ಕಿಲೋ. ಕಡಿದ ಕಬ್ಬು ಇಟ್ಟಷ್ಟೂ ತೂಕವೂ ಇಳಿಯುತ್ತದೆ, ಸಕ್ಕರೆಯೂ ಇಳಿಯುತ್ತದೆ. ಹಾಗಾಗಿ ಟ್ರೇಲರ್ ರಾತ್ರಿ ಹತ್ತಕ್ಕೆ ಬಂದರೆ ಹತ್ತಕ್ಕೇ ಹೇರಬೇಕು. ಆಮೇಲೆ ಒಲೆ ಹಚ್ಚಬೇಕು. ಆ ಒಲೆ ಅವಳೊಬ್ಬಳದೇ.

ದುಡ್ಡು ಯಾರ ಕೈಗೆ ಬರುತ್ತದೆ ಅಂತ ಕೇಳಿದೆ. ಆಕೆ ನಕ್ಕಳು. "ಮಾಲಕಾಂಚ್ಯಾ ಹಾತಾತ." ಮಾಲಕ ಅಂದ್ರೆ ಅವಳ ಗಂಡ. ಉಚಲ್ ತಗೊಂಡಿದ್ದೂ ಅವನೇ, ಹೆಬ್ಬೆಟ್ಟೋ ಸಹಿಯೋ ಹಾಕಿದ್ದೂ ಅವನೇ.

ತಿಂಗಳ ಆ ದಿನಗಳಲ್ಲಿ ಏನು ಮಾಡ್ತೀರಿ ಅಂತ ಮಾವಶಿ ಮೆಲ್ಲಗೆ ಕೇಳಿದರು. ಆಕೆ ಕಬ್ಬಿನ ಸಾಲಿನ ಕಡೆ ಕೈ ತೋರಿಸಿದಳು. ಬಟ್ಟೆ ಬದಲಿಸೋದೂ ಅಲ್ಲೇ, ಎಲ್ಲಾ ಅಲ್ಲೇ. ತೊಳೆಯೋಕೆ ನೀರು ಸಂಜೆಗೇ.

ಇಲ್ಲಿ ಒಂದು ಅಂಕಿ ಹೇಳಲೇಬೇಕು. 2019ರಲ್ಲಿ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಣ್ಣುಮಕ್ಕಳಲ್ಲಿ ಗರ್ಭಕೋಶ ತೆಗೆಸಿಕೊಂಡವರು ವಿಪರೀತ ಹೆಚ್ಚು ಅಂತ ಸುದ್ದಿಯಾಯಿತು. ಮಹಾರಾಷ್ಟ್ರ ಸರ್ಕಾರ ನೀಲಂ ಗೋರ್ಹೆ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಸಮೀಕ್ಷೆಗೆ ಸಿಕ್ಕ 82,309 ಮಹಿಳೆಯರಲ್ಲಿ 13,861 ಮಂದಿಗೆ ಗರ್ಭಕೋಶ ಇರಲಿಲ್ಲ. ಆರರಲ್ಲಿ ಒಬ್ಬರು. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಈ ಪ್ರಮಾಣ ಶೇ 3ರ ಆಸುಪಾಸು.

ಯಾಕೆ ಹೀಗೆ ಅಂತ ತಿಳಿಯೋಕೆ ಡಾಕ್ಟರ್ ಆಗಬೇಕಿಲ್ಲ. ನೀರಿಲ್ಲ, ಕಕ್ಕಸಿಲ್ಲ, ಸೋಂಕು ತಪ್ಪಿದ್ದಲ್ಲ. ಹೊಟ್ಟೆನೋವು, ಬಿಳಿಸೆರಗು ಅಂತ ಹೋದರೆ 'ತೆಗೆಸಿಬಿಡಿ, ಪೀಡೆ ಹೋಗುತ್ತೆ' ಅನ್ನುವ ಖಾಸಗಿ ಆಸ್ಪತ್ರೆಗಳು. ಮಕ್ಕಳಾಗಿವೆ, ಮುಟ್ಟು ನಿಂತರೆ ಖಾಡಾ ಬೀಳೋದಿಲ್ಲ. ಆಪರೇಷನ್ನಿಗೆ ಸಾಲ, ಸಾಲಕ್ಕೆ ಉಚಲ್, ಉಚಲಿಗೆ ಮತ್ತೆ ಕಬ್ಬು. ಮೂವತ್ತು ದಾಟುವ ಮುಂಚೆಯೇ ಮೈ ಸೋತು, ಬೆನ್ನು ಸೋತು, ಅದೇ ಹಲಗೆ ಮೇಲೆ ಅದೇ ಹೊರೆ.

ಜೋಡಿಯೇ ಘಟಕ ಆದ್ದರಿಂದ ಇನ್ನೊಂದು ಅನಾಹುತವೂ ಇದೆ. ಒಂಟಿ ಹುಡುಗನಿಗೆ ಪೂರ್ತಿ ಉಚಲ್ ಸಿಗೋದಿಲ್ಲ. ಊರಲ್ಲಿ ಅಜ್ಜಿಯ ಹತ್ತಿರ ಬಿಟ್ಟುಬಂದ ಹುಡುಗಿಯ ಚಿಂತೆ ಅಪ್ಪ-ಅಮ್ಮನಿಗೆ. ಎರಡಕ್ಕೂ ಪರಿಹಾರ ಅಂತ ಬೇಗ ಮದುವೆ. ಬೀಡಿನಲ್ಲಿ ಬಾಲ್ಯವಿವಾಹ ಇಷ್ಟು ಗಟ್ಟಿಯಾಗಿ ಉಳಿದಿರುವುದಕ್ಕೆ ಕಬ್ಬೂ ಒಂದು ಕಾರಣ.

ಕಾಗದದ ಮೇಲೆ

ಕಾನೂನು ಇಲ್ಲವೇ? ಇದೆ. 1979ರಲ್ಲೇ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂತು. ಗುತ್ತಿಗೆದಾರನಿಗೆ ಲೈಸೆನ್ಸ್, ಪ್ರತಿ ಕಾರ್ಮಿಕರಿಗೂ ಫೋಟೋ ಇರುವ ಪಾಸ್‌ಬುಕ್, ಇರೋಕೆ ತಕ್ಕ ಜಾಗ, ಉಚಿತ ಚಿಕಿತ್ಸೆ, ಹೆಣ್ಣು-ಗಂಡಿಗೆ ಸಮಾನ ಕೂಲಿ, ಎಲ್ಲಾ ಅದರಲ್ಲಿತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಊರಿಗೆ ಹೋಗಿಬರುವ ಪ್ರಯಾಣ ಭತ್ಯೆ ಉಳಿದಿದೆ, ಹಳೆಯದರಲ್ಲಿದ್ದ ಸ್ಥಳಾಂತರ ಭತ್ಯೆ ಹೋಗಿದೆ. ಮುಂಗಡ ಕೊಟ್ಟು ದುಡಿಮೆಗೆ ಕಟ್ಟಿಹಾಕುವುದು 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆ ಪ್ರಕಾರ ಅಪರಾಧ. ಆ ಗುಡಿಸಲುಗಳಲ್ಲಿ ನಾನು ಮಾತಾಡಿಸಿದ ಯಾರ ಹತ್ತಿರವೂ ಪಾಸ್‌ಬುಕ್ ಇರಲಿಲ್ಲ. ಹಾಗಂದ್ರೆ ಏನು ಅಂತ ಅವರೇ ನನ್ನನ್ನ ಕೇಳಿದರು.

ಮಹಾರಾಷ್ಟ್ರದಲ್ಲಿ ಇವರಿಗಾಗಿ ಗೋಪಿನಾಥ ಮುಂಡೆ ಹೆಸರಿನಲ್ಲಿ ಕಲ್ಯಾಣ ಮಂಡಳಿ ಇದೆ. ಅಲ್ಲಿನ ಕಾರ್ಖಾನೆಗಳು ಅರೆದ ಪ್ರತಿ ಟನ್ನಿಗೆ 10 ರೂಪಾಯಿ ವಂತಿಗೆ ಕೊಡಬೇಕು. ಮಕ್ಕಳು ಊರಲ್ಲೇ ಇದ್ದು ಓದಲಿ ಅಂತ ಹಾಸ್ಟೆಲ್ ಯೋಜನೆಯೂ ಇದೆ. ಆದರೆ ಅದೇ ಜೋಡಿ ಗಡಿ ದಾಟಿ ಕಡಿದ ಕಬ್ಬು ಅರೆಯೋದು ನಮ್ಮ ಕಡೆ. ಆ ಟನ್ನುಗಳು ಆ ವಂತಿಗೆಯ ಲೆಕ್ಕಕ್ಕೆ ಸೇರೋದಿಲ್ಲ. ಹಂಗಾಮಿನ ಐದು ತಿಂಗಳು ಇವರು ಯಾವ ರಾಜ್ಯದ ಜವಾಬ್ದಾರಿ ಅನ್ನೋದೇ ತೀರ್ಮಾನವಾಗಿಲ್ಲ.

ನಾವು, ಬೆಂಗಳೂರಿನ ಆಫೀಸುಗಳಲ್ಲಿ ಕೂತವರು, ಏನು ಮಾಡಬಹುದು? ಸಕ್ಕರೆ ಬಿಟ್ಟರೆ ಅವರ ಕೂಲಿ ಏರುವುದಿಲ್ಲ, ಆ ದಾರಿ ಬೇಡ. ಆದರೆ ದೊಡ್ಡ ಪ್ರಮಾಣದಲ್ಲಿ ಸಕ್ಕರೆ ಕೊಳ್ಳುವ ಬಿಸ್ಕತ್ತು, ತಂಪು ಪಾನೀಯ, ಚಾಕೊಲೇಟ್ ಕಂಪನಿಗಳಲ್ಲಿ, ಅವುಗಳ ಆಡಿಟ್, ಸಪ್ಲೈ ಚೈನ್ ವಿಭಾಗಗಳಲ್ಲಿ ನಮ್ಮಂಥವರೇ ತಾನೇ ಇರೋದು. 'ಕಾರ್ಖಾನೆ ಗೇಟಿನ ತನಕ ಸರಿ, ಹೊಲದಲ್ಲಿ ಕಡಿದವರ ಪಟ್ಟಿ ಎಲ್ಲಿ?' ಅಂತ ಒಂದು ಕಾಲಂ ಜಾಸ್ತಿ ಕೇಳುವುದು ಅವರ ಕೈಯಲ್ಲಿದೆ. ಕೇಳಬೇಕಾದ್ದು ದೊಡ್ಡದೇನೂ ಅಲ್ಲ: ಗುಡಿಸಲು ಇರುವ ಕಡೆ ನೀರಿನ ಟ್ಯಾಂಕರ್ ಮತ್ತು ಕಕ್ಕಸು, ಖಾಡಾ ನಿಲ್ಲಲಿ, ಹೆಂಡತಿಯ ಕೂಲಿ ಹೆಂಡತಿಯ ಖಾತೆಗೆ.

ಕಾಕಾ ಕಾರ್ಖಾನೆಯಿಂದ ತಂದ ತೂಕದ ಚೀಟಿಯನ್ನ ನನಗೆ ತೋರಿಸಿದ್ದರು. ಅದರಲ್ಲಿ ಎಲ್ಲ ಇತ್ತು: ರೈತನ ಹೆಸರು, ಊರು, ಸರ್ವೆ ನಂಬರು, ಕಬ್ಬಿನ ತಳಿ, ಟ್ರ್ಯಾಕ್ಟರ್ ನಂಬರು, ಡ್ರೈವರನ ಹೆಸರು, ಒಳಬಂದ ಹೊತ್ತು, ತೂಕ. ಕಟಾವು ಅನ್ನುವ ಕಡೆ ಒಂದು ಕೋಡ್. ಆ ಕೋಡ್ ಮುಕಾದಮನದು. ಅವನ ಹಿಂದೆ ಹತ್ತು ಕೊಯ್ತಾ, ಪ್ರತಿ ಕೊಯ್ತಾದಲ್ಲೂ ಇಬ್ಬರು. ಚೀಟಿಯ ಅಡಿಯಲ್ಲಿ ಇನ್ನೂ ನಾಲ್ಕು ಬೆರಳು ಜಾಗ ಖಾಲಿ ಇತ್ತು. ಇಪ್ಪತ್ತು ಹೆಸರು ಹಿಡಿಸುವಷ್ಟು.